ಮಗ್ಗ ಹೆಚ್ಚಾಗೇತಿ

ಪಿಎಚ್.ಡಿ. ನೋಂದಣಿಯ ಪತ್ರ ಕೈಗೆ ಬಂದ ವಾರವೇ ನಾನು ಹಳೆಯ ಕ್ಯಾಲೆಂಡರ್ ಹಾಳೆಯೊಂದರ ಬೆನ್ನಿಗೆ ಅದರ ಹಂತಗಳನ್ನೆಲ್ಲ ಬರೆದು, ಇಳಕಲ್ಲಿನ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲ ಹಿಂಬದಿಗೆ ಅಂಟಿಸಿದೆ. ದಿನವೂ ನಾನು ತಪ್ಪದೆ ನಿಲ್ಲುವ ಜಾಗ ಅದು. ಕೋರ್ಸ್‌ವರ್ಕ್, ಅದರ ಪರೀಕ್ಷೆ, ಸಾರಲೇಖಕ್ಕೆ ಒಪ್ಪಿಗೆ, ಆರಾರು ತಿಂಗಳಿಗೊಮ್ಮೆ ಪ್ರಗತಿ ವರದಿ, ಪ್ರಶ್ನಾವಳಿ, ಮಾಹಿತಿ ಸಂಗ್ರಹ, ವಿಶ್ಲೇಷಣೆ, ಒಂದು ಪ್ರಕಟಿತ ಲೇಖನ, ಸಲ್ಲಿಕೆಗೆ ಮುಂಚಿನ ಮಂಡನೆ, ಸಲ್ಲಿಕೆ, ಮೌಖಿಕ ಪರೀಕ್ಷೆ. ಪ್ರತಿಯೊಂದರ ಮುಂದೆ ಅದು ಮುಗಿಯಬೇಕಾದ ತಿಂಗಳನ್ನು ಬರೆದಿದ್ದೆ. ಎಲ್ಲಕ್ಕೂ ಕೆಳಗೆ ಒಂದು ಕೆಂಪು ಗೆರೆ. ಅದು ನೋಂದಣಿಯ ಅವಧಿ ಮುಗಿಯುವ ತಿಂಗಳು. ಅದರೊಳಗೆ ಪ್ರಬಂಧ ಸಲ್ಲಿಸದಿದ್ದರೆ ಮೇಲಿನ ಎಲ್ಲ ಹಂತಗಳೂ ಇಲ್ಲದಂತಾಗುತ್ತವೆ.

ಅತ್ತೆ ಬಾಗಿಲು ಮುಂದಕ್ಕೆ ಎಳೆದು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು.

"ಸಂತಿ ಚೀಟಿ ಏನವಾ ಇದು?"

"ಅಲ್ರಿ ಅತ್ತಿ, ನನ್ನ ಓದಿಂದು."

"ಇಷ್ಟುದ್ದ ಬರದೀ, ಇದರಾಗ ಬೆಲ್ಲ ಎಲ್ಲೈತಿ? ಡಬ್ಬ್ಯಾಗ ಬೆಲ್ಲ ಹೆಚ್ಚಾಗೇತಿ. ಬರೂವಾಗ ತೊಗೊಂಡು ಬಾ."

ಅಂದು ಸಂಜೆ ಹುನಗುಂದದಿಂದ ಬರುವಾಗ ಬೆಲ್ಲ ತಂದೆ. ಆ ಮಾತಿನಲ್ಲಿ ಯೋಚಿಸಬೇಕಾದದ್ದು ಏನೂ ಇರಲಿಲ್ಲ.

ಹುನಗುಂದದ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಪ್ರತಿ ವರ್ಷ ಹೊಸದಾಗಿ ಕರೆಯಬೇಕು, ಹೊಸದಾಗಿ ಸೇರಬೇಕು. ಅರ್ಹತೆಯ ನಿಯಮ ಬಿಗಿಯಾದಾಗ ಪ್ರಾಚಾರ್ಯರು ಕರೆದು ಸುತ್ತಿ ಬಳಸದೆ ಹೇಳಿದ್ದರು: "ಪಿಎಚ್.ಡಿ. ಮುಗಸ್ರಿ ಮೇಡಂ. ಅದಿಲ್ಲಂದ್ರ ನಾ ಏನೂ ಮಾಡಾಕ ಬರೂದಿಲ್ಲ." ಹಾಗಾಗಿ ಆ ಕೆಂಪು ಗೆರೆ ನನ್ನ ನೌಕರಿಯ ಗೆರೆಯೂ ಆಗಿತ್ತು.

ವಿಷಯಕ್ಕಾಗಿ ನಾನು ದೂರ ಹುಡುಕಲಿಲ್ಲ. ಇಳಕಲ್ ಮತ್ತು ಸುತ್ತಲಿನ ಊರುಗಳಲ್ಲಿ ಸೀರೆ ನೇಯುವ ಕುಣಿಮಗ್ಗಗಳನ್ನೇ ಆರಿಸಿಕೊಂಡೆ. ಮನೆಯ ಪಡಸಾಲೆಯ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ ಅದು. ಪವರ್‌ಲೂಮ್ ಬಂದ ಮೇಲೆ ಮನೆಮನೆಯ ಈ ಮಗ್ಗಗಳು ಬೆಳೆದವೋ, ಅಳಿದವೋ? ನನ್ನ ಇಡೀ ಪ್ರಬಂಧ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

ನನ್ನ ಗೈಡ್ ಮೈಸೂರು ಕಡೆಯವರು. ಬಾಗಲಕೋಟೆಯ ನವನಗರದಲ್ಲಿ ಬಹಳ ವರ್ಷದಿಂದ ಇದ್ದರೂ ಅವರ ಮಾತು ಮೈಸೂರಿನದೇ ಆಗಿ ಉಳಿದಿತ್ತು. ಮೊದಲ ಭೇಟಿಯಲ್ಲೇ ಅವರು, "ನೋಡಮ್ಮ, ಹಂತ ಅಂದರೆ ಮೆಟ್ಟಿಲು. ಒಂದನ್ನು ಗಟ್ಟಿ ಮಾಡಿಕೊಳ್ಳದೆ ಇನ್ನೊಂದಕ್ಕೆ ಕಾಲಿಡಬೇಡ" ಎಂದಿದ್ದರು. ಅವರು ಹೇಳಿದಂತೆಯೇ ನಡೆದೆ. ಇದನ್ನು ಮೊದಲೇ ಹೇಳುತ್ತೇನೆ. ಮುಂದೆ ಆದದ್ದು ಯಾವ ಹಂತವನ್ನೂ ಹಾರಿದ್ದರಿಂದ ಆದದ್ದಲ್ಲ.

ಪ್ರಶ್ನಾವಳಿಯ ಕರಡನ್ನು ಪರೀಕ್ಷಿಸಲು ಗುಳೇದಗುಡ್ಡಕ್ಕೆ ಹೋದೆ. ನನ್ನ ತವರು ಬಾದಾಮಿ. ಅಲ್ಲಿಂದ ಅದು ಹತ್ತಿರ. ಕರಡಿನ ಹನ್ನೊಂದನೆಯ ಪ್ರಶ್ನೆ ಸರಳವಾಗಿತ್ತು: ನಿಮ್ಮ ಮನೆಯಲ್ಲಿ ಮೊದಲು ಎಷ್ಟು ಮಗ್ಗಗಳಿದ್ದವು, ಈಗ ಎಷ್ಟಿವೆ? ಅದಕ್ಕೆ ಉತ್ತರವೇ ಸಿಗಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಕೈ ಅಡ್ಡ ಮಾಡಿದರು.

"ಮಕ್ಕಳು, ಕುರಿ, ಮಗ್ಗ ಎಣಸಬಾರದವಾ. ಎಣಸಿದ್ರ ಉಳಿಯೂದಿಲ್ಲ."

"ಬರೇ ಬರಕೊಳ್ಳಾಕ್ರಿ ಯಜ್ಜಾ."

"ಬರಕೊಂಡ್ರೂ ಎಣಸಿದಂಗ ಆತಲ್ಲ. ನೀ ಏನ್ ಜನಗಣತಿಯಾಕಿನ? ಅವರರೆ ಐದ ನಿಮಿಷದಾಗ ಹೋಗ್ತಾರ, ನೀ ಚಾ ಕುಡದ್ರೂ ಏಳವಲ್ಲಿ."

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಈ ತೊಡಕನ್ನು ಗೈಡ್‌ಗೆ ಹೇಳಿದೆ. ಅವರು ಪೆನ್ಸಿಲ್ ತೆಗೆದುಕೊಂಡು ಹನ್ನೊಂದನೆಯ ಪ್ರಶ್ನೆಯನ್ನು ಹೊಡೆದು, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಹೊಸದನ್ನು ಬರೆದರು: ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಮನೆಯ ಮಗ್ಗಗಳು ಹೆಚ್ಚಾಗಿವೆಯೇ, ಕಡಿಮೆಯಾಗಿವೆಯೇ, ಹಾಗೆಯೇ ಇವೆಯೇ? "ಈಗ ಎಣಿಸಿದ ಹಾಗಾಗಲಿಲ್ಲ. ನಮಗೆ ಬೇಕಾದದ್ದು ಗತಿ ತಾನೇ?" ಎಂದರು. ವಿಷಯ ತಜ್ಞರ ಸಮಿತಿ ಅದನ್ನು ನೋಡಿ ಚೆನ್ನಾಗಿದೆ ಎಂದಿತು. ಆ ಹಂತ ಮುಗಿದದ್ದಕ್ಕೆ ಬಾಗಿಲ ಹಿಂದಿನ ಹಾಳೆಯಲ್ಲಿ ಸರಿ ಗುರುತು ಹಾಕಿದೆ.

ಮಾಹಿತಿ ಸಂಗ್ರಹಕ್ಕೆ ಹೊರಡುವ ಹೊತ್ತಿಗೆ ಕೊರೊನಾ ಬಂತು. ಬೀದಿಗಳಿಗೆ ಬೊಂಬು ಕಟ್ಟಿದರು. ಕಾಯುವಷ್ಟು ಅವಧಿ ಇರಲಿಲ್ಲವಾದ್ದರಿಂದ ಫೋನಿನಲ್ಲಿ ಕೇಳಲು ಅನುಮತಿ ಬೇಡಿದೆ, ಸಮಿತಿ ಕೊಟ್ಟಿತು. ಮಾತನ್ನು ಧ್ವನಿಮುದ್ರಿಸಬಾರದು, ಉತ್ತರವನ್ನಷ್ಟೇ ಗುರುತಿಸಿಕೊಳ್ಳಬೇಕು ಎಂಬ ಷರತ್ತಿತ್ತು. ನೇಕಾರರ ಪರಿಚಯವಿದ್ದ ನನ್ನ ಗಂಡ ನಂಬರುಗಳನ್ನು ಕೂಡಿಸಿಕೊಟ್ಟರು. ಮಧ್ಯಾಹ್ನ ಊಟವಾದ ಮೇಲೆ ಅಡುಗೆಕೋಣೆಯ ಹೊಸ್ತಿಲಲ್ಲಿ ಕುಳಿತು ಒಂದೊಂದೇ ಮನೆಗೆ ಫೋನ್ ಮಾಡುತ್ತಿದ್ದೆ. ಹೆಚ್ಚಾಗಿ ಎತ್ತುತ್ತಿದ್ದವರು ಮನೆಯ ಹಿರಿಯ ಹೆಂಗಸರು. ಒಪ್ಪಿಗೆ ಪಡೆದ ಪ್ರಶ್ನೆಯ ಅಕ್ಷರ ಬದಲಿಸಬಾರದೆಂಬ ನಿಯಮವಿತ್ತು. ಅದಕ್ಕೇ, ಬೇರೆಲ್ಲ ಮಾತನ್ನು ನಮ್ಮ ಭಾಷೆಯಲ್ಲಿ ಆಡಿದರೂ, ಪ್ರಶ್ನೆಯನ್ನು ಮಾತ್ರ ಸಮಿತಿಯ ಕನ್ನಡದಲ್ಲಿ ಓದುತ್ತಿದ್ದೆ. "ಹೆಚ್ಚಾಗಿವೆಯೇ, ಕಡಿಮೆಯಾಗಿವೆಯೇ?" ಆ ಕಡೆಯಿಂದ ಬರುತ್ತಿತ್ತು: "ಹೆಚ್ಚಾಗ್ಯಾವ್ರಿ." "ಹೆಚ್ಚಾಗೇತ್ರಿ ಅಕ್ಕೋರ." ನಾನು ಹೆಚ್ಚು ಎಂಬ ಚೌಕಕ್ಕೆ ಗುರುತು ಹಾಕುತ್ತಿದ್ದೆ.

ದನಿಗಳು ಬಹಳ ಸ್ಪಷ್ಟವಾಗಿ ಕೇಳುತ್ತಿದ್ದವು. ಹಿಂದೆ ಗದ್ದಲವಿರಲಿಲ್ಲ. ಫೋನಿನ ಸರ್ವೆ ಇಷ್ಟು ಸಲೀಸಾಗಿ ಆಗುತ್ತದೆ ಎಂದುಕೊಂಡಿರಲಿಲ್ಲ ಎಂದು ಗೈಡ್‌ಗೆ ಖುಷಿಯಿಂದ ಹೇಳಿದ ನೆನಪಿದೆ.

ವಿಶ್ಲೇಷಣೆಯಲ್ಲಿ ಬಂದದ್ದನ್ನು ನೋಡಿ ಇಬ್ಬರಿಗೂ ಅಚ್ಚರಿಯಾಯಿತು. ಎಲ್ಲರೂ ಸಾಯುತ್ತಿದೆ ಎನ್ನುವ ಕುಣಿಮಗ್ಗ ನಮ್ಮ ಕೋಷ್ಟಕಗಳಲ್ಲಿ ಬೆಳೆಯುತ್ತಿತ್ತು. ಗೈಡ್ ಅದನ್ನು ಸುಮ್ಮನೆ ಒಪ್ಪಲಿಲ್ಲ. ಲೆಕ್ಕವನ್ನು ಎರಡು ಸಲ ಮಾಡಿಸಿದರು, ಬೇರೊಬ್ಬರಿಂದಲೂ ಮಾಡಿಸಿದರು. ಲೆಕ್ಕ ಸರಿಯಿತ್ತು. ಕಾರಣಗಳನ್ನೂ ಕಂಡುಕೊಂಡೆವು: ಹೊರಗೆ ದುಡಿಯಲು ಹೋದವರು ಊರಿಗೆ ಮರಳಿದ್ದಾರೆ, ಕೆಂಪು ಸೆರಗಿನ ಹಾಸುನೂಲನ್ನು ಒಡಲಿನ ಹಾಸುನೂಲಿಗೆ ಕೈಯಿಂದಲೇ ಕೊಂಡಿ ಹಾಕಿ ಕೂಡಿಸುವ ಸೀರೆಗೆ ಬೇಡಿಕೆ ಬಂದಿದೆ, ಹೀಗೆ. ತಪ್ಪು ಫಲಿತಾಂಶಕ್ಕೂ ಕಾರಣಗಳು ಇಷ್ಟು ಸುಲಭವಾಗಿ ಸಿಗುತ್ತವೆ ಎಂದು ಆಗ ಗೊತ್ತಿರಲಿಲ್ಲ. ಲೇಖನ ಪ್ರಕಟವಾಯಿತು. ಪ್ರಬಂಧದ ಶೀರ್ಷಿಕೆಯಲ್ಲಿ 'ಬೆಳವಣಿಗೆ' ಎಂಬ ಪದ ಸೇರಿತು.

ಈ ನಡುವೆ ಸಮಿತಿಯ ಸಭೆಗಳು ಕೋರಂ ಇಲ್ಲದೆ ಮುಂದಕ್ಕೆ ಹೋದವು. ಸಿಗಬಹುದಾದ ಒಂದೇ ಒಂದು ವಿಸ್ತರಣೆಯನ್ನು ಬಳಸಿಯಾಗಿತ್ತು. ಗೈಡ್ ನಿವೃತ್ತಿಯ ಹತ್ತಿರ ಬಂದಿದ್ದರು. ಕೆಂಪು ಗೆರೆಯ ತಿಂಗಳೊಳಗೆ ಮುಗಿಯಬೇಕಾದದ್ದರಲ್ಲಿ ಉಳಿದದ್ದು ಮಂಡನೆ ಮತ್ತು ಸಲ್ಲಿಕೆ ಮಾತ್ರ. ಪ್ರಬಂಧಕ್ಕೆ ನಾಲ್ಕು ಛಾಯಾಚಿತ್ರ ಸೇರಿಸು ಎಂದು ಗೈಡ್ ಹೇಳಿದ್ದರಿಂದ, ಮಗ್ಗ ಹೆಚ್ಚಾಗಿದೆ ಎಂದಿದ್ದ ಮನೆಯೊಂದಕ್ಕೆ ಒಂದು ಮುಂಜಾನೆ ಹೋದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ.

ಬಾಗಿಲು ತೆಗೆದಾಕೆ ಅತ್ತೆಯ ವಯಸ್ಸಿನವರು. ದನಿಯಿಂದಲೇ ಗುರುತು ಹಿಡಿದೆ. ಅವರೂ ನನ್ನ ಗುರುತು ಹಿಡಿದರು.

"ಬರ್ರಿ ಅಕ್ಕೋರ. ಫೋನ್‌ನಾಗ ಭಾಳ ಮಾತಾಡಿದ್ರಿ, ಮಾರಿ ಇವತ್ತ ನೋಡಿದ್ವಿ."

"ಮಗ್ಗದ ಫೋಟೋ ತಕ್ಕೊಳ್ಳಾಕ ಬಂದೇನ್ರಿ ಕಾಕಿ."

"ಯಾವ ಮಗ್ಗ?"

"ನಿಮ್ಮ ಮನಿ ಮಗ್ಗ."

ಆಕೆ ನನ್ನ ಮುಖವನ್ನೇ ನೋಡಿದರು. "ಹೇಳಿದ್ನೆಲ್ಲವಾ ಫೋನ್‌ನಾಗ. ಮಗ್ಗ ಹೆಚ್ಚಾಗೇತಿ ಅಂತ."

"ಹೌದ್ರಿ. ಅದನ್ನ ನೋಡಾಕ ಬಂದೇನಿ."

ಒಳಗೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಮಗಳು ನಕ್ಕಳು. "ಯವ್ವಾ, ಅಕ್ಕೋರು ಮೈಸೂರು ಕಡ್ಯಾರೇನ ಕೇಳ."

"ನಾ ಬಾದಾಮಿಯಾಕಿ" ಎಂದೆ.

"ಮತ್ತ? ಬಾದಾಮ್ಯಾಗ ಹಂಗ ಅನ್ನೂದಿಲ್ಲ?"

ತಾಯಿ ಗದ್ದದಿಂದ ನೆಲ ತೋರಿಸಿದರು. ಪಡಸಾಲೆಗೆಲ್ಲ ಹಳೆಯ ಹಾಸುಗಲ್ಲು. ಹೊಲಿಗೆ ಯಂತ್ರ ನಿಂತ ಕಡೆ ಮಾತ್ರ ಒಂದು ಆಯತದಷ್ಟು ಹೊಸ ಕೆಂಪು ಗ್ರಾನೈಟ್, ಮೆರುಗು ಮಾಸದೆ ಹೊಳೆಯುತ್ತಿತ್ತು. ಕುಣಿಯನ್ನು ಮುಚ್ಚಿ ಅದನ್ನು ಹೊಂದಿಸಿದ್ದರು.

ಆಗ ನನಗೆ ಕೇಳಿಸಿತು. ಬೆಲ್ಲ ಹೆಚ್ಚಾಗೇತಿ. ಅಕ್ಕಿ ಹೆಚ್ಚಾಗ್ಯಾವ. ಬಳಿ ಹೆಚ್ಚಾದವು. ನಮ್ಮ ಕಡೆಯ ಹೆಂಗಸರು ಮನೆಯ ಮಂಗಳದ ವಸ್ತು ತೀರಿತು, ಒಡೆಯಿತು, ಇಲ್ಲವಾಯಿತು ಎಂದು ಬಾಯಿ ಬಿಟ್ಟು ಹೇಳುವುದಿಲ್ಲ, ಹೆಚ್ಚಾಯಿತು ಎನ್ನುತ್ತಾರೆ. ಅನ್ನ ಕೊಟ್ಟ ಮಗ್ಗ ಬಿಚ್ಚಿದ್ದನ್ನು ಬೇರೆ ಹೇಗೆ ಹೇಳಿಯಾರು? ಹುಟ್ಟಿದಂದಿನಿಂದ ಕೇಳಿದ ಮಾತು ಇದು. ಬೆಲ್ಲದ ಡಬ್ಬಿಗೆ ಅದು ನನಗೆ ಅರ್ಥವಾಗಿತ್ತು. ಆದರೆ ಪ್ರಶ್ನೆಯನ್ನು ಸಮಿತಿಯ ಕನ್ನಡದಲ್ಲಿ ಕೇಳಿದ್ದರಿಂದ ಉತ್ತರವನ್ನೂ ಅದೇ ಕನ್ನಡದಲ್ಲಿ ಕೇಳಿಸಿಕೊಂಡಿದ್ದೆ.

ಚಹಾ ಕೊಟ್ಟರು. ಕುಡಿದೆ. ಹೊರಗೆ ಬಂದ ಮೇಲೆ ಇನ್ನೊಂದು ಸಂಗತಿ ಹೊಳೆಯಿತು. ಕುಣಿಮಗ್ಗವಿರುವ ಮನೆಗೆ ಹಗಲು ಫೋನ್ ಮಾಡಿದರೆ ಖಟ್ ಪಟ್ ಸದ್ದಿನಲ್ಲಿ ಮಾತೇ ಕೇಳುವುದಿಲ್ಲ. ನನಗೆ ಬಹುತೇಕ ದನಿಗಳು ಸ್ಪಷ್ಟವಾಗಿ ಕೇಳಿಸಿದ್ದವು.

ಮುಂದಿನ ವಾರಗಳಲ್ಲಿ ಹೋಗಲು ಸಾಧ್ಯವಾದಷ್ಟು ಮನೆಗಳಿಗೆ ಹೋದೆ. ಎಲ್ಲ ಮನೆಗಳಲ್ಲೂ ಮಾತು ತಿರುಗುಮುರುಗಾಗಿದ್ದರೆ ಹೆಚ್ಚು ಎಂಬುದನ್ನೆಲ್ಲ ಕಡಿಮೆ ಎಂದು ತಿದ್ದಿಬಿಡಬಹುದಿತ್ತು. ಹಾಗಿರಲಿಲ್ಲ. ಒಂದು ಮನೆಯಲ್ಲಿ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ್ದರು. ಮುಂದಿನದರಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ ನಿಜವಾಗಿಯೇ ಎರಡನೆಯ ಮಗ್ಗ ಹೂಡಿದ್ದರು. ಆ ಮನೆಯಾಕೆ, "ಹೆಚ್ಚಾಗ್ಯಾವ ಅಂದಿದ್ನೆಲ್ರಿ, ನಾ ಏನ್ ಸುಳ್ಳ ಹೇಳ್ತೇನಿ?" ಎಂದು ನಕ್ಕರು. ಎರಡೂ ಮನೆಯವರು ಆಡಿದ್ದು ಒಂದೇ ಮಾತು. ಇನ್ನೊಂದು ಮನೆಯಲ್ಲಿ ಸೊಸೆ ಬಾಗಿಲಲ್ಲೇ ನಿಂತು ಹೇಳಿದಳು: "ಫೋನ್ ಎತ್ತಿದಾಕಿ ನಮ್ಮ ಅತ್ತಿ. ಆಕಿ ಏನಂದಿದ್ಲೋ ನನಗ ಗೊತ್ತಿಲ್ರಿ. ಈಗ ಆಕಿ ಇಲ್ಲ." ಕೆಲವು ನಂಬರುಗಳು ಈಗ ಬೇರೆ ಯಾರದೋ ಆಗಿದ್ದವು. ಯಾವ ಗುರುತು ನಿಜ, ಯಾವುದು ಅಲ್ಲ ಎಂದು ಬೇರ್ಪಡಿಸುವ ದಾರಿ ಇರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಕೇಳಲು ಅವಧಿ ಇರಲಿಲ್ಲ.

ನವನಗರಕ್ಕೆ ಹೋದಾಗ ಗೈಡ್ ಮೈಸೂರಿಗೆ ಕಳಿಸಲು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ನಾನು ಹೇಳಿದ್ದನ್ನು ಕೈಯಲ್ಲಿನ ಪುಸ್ತಕ ಕೆಳಗಿಡದೆ ಕೇಳಿದರು.

"ಎಷ್ಟು ಮನೆಗಳಲ್ಲಿ ಹೀಗಾಗಿದೆ?"

"ಗೊತ್ತಾಗೂದಿಲ್ಲ ಸರ್. ಗೊತ್ತು ಮಾಡಿಕೊಳ್ಳಾಕೂ ಬರೂದಿಲ್ಲ."

ಅವರು ಪೆಟ್ಟಿಗೆಯ ಮೇಲೆಯೇ ಕುಳಿತರು. "ನಮ್ಮ ಮನೆ ಕೆಲಸದಾಕೆ ಅಕ್ಕಿ ಹೆಚ್ಚಾಗಿದೆ ಅಂತ ಆಗಾಗ ಹೇಳುತ್ತಿದ್ದಳು. ಇಷ್ಟು ವರ್ಷ ನಾನು, ಇವಳು ಜಾಸ್ತಿ ಹಾಕಿ ಬೇಯಿಸುತ್ತಾಳೆ, ಲೆಕ್ಕ ಬರುವುದಿಲ್ಲ ಅಂದುಕೊಂಡಿದ್ದೆ." ಅವರು ನಗಲು ನೋಡಿದರು. ಆಗಲಿಲ್ಲ.

ಕೊನೆಗೆ ಅವರೊಂದು ದಾರಿ ಹೇಳಿದರು. ಶೀರ್ಷಿಕೆ ಬದಲಿಸಲು ಕಾಲ ಮೀರಿದೆ. ಅಧ್ಯಾಯ ತೆಗೆದರೆ ಪ್ರಬಂಧವೇ ಇಲ್ಲ. ಆದರೆ ಪ್ರತಿ ಪ್ರಬಂಧದಲ್ಲೂ 'ಅಧ್ಯಯನದ ಮಿತಿಗಳು' ಎಂಬ ಭಾಗವಿರುತ್ತದೆ. ಅಲ್ಲಿ ಒಂದು ವಾಕ್ಯ ಸೇರಿಸಬಹುದು. ಅವರೇ ಹೇಳಿ ಬರೆಸಿದರು: 'ಉತ್ತರದಾತರ ಭಾಷಾ ಬಳಕೆಯಿಂದಾಗಿ ಫಲಿತಾಂಶದಲ್ಲಿ ಅಲ್ಪ ವ್ಯತ್ಯಾಸ ಉಂಟಾಗಿರಬಹುದು.'

"ಇದು ಸುಳ್ಳಲ್ಲ" ಎಂದರು. ಆಮೇಲೆ ದನಿ ಇಳಿಸಿ, "ನಾನು ಹೋದ ಮೇಲೆ ನಿನ್ನನ್ನು ಯಾರು ತೆಗೆದುಕೊಳ್ಳುತ್ತಾರಮ್ಮ?" ಎಂದರು.

ಆ ವಾಕ್ಯವನ್ನು ಇಳಕಲ್ಲಿಗೆ ತಂದು ಪ್ರಬಂಧದಲ್ಲಿ ಸೇರಿಸಿದೆ. ಸಲ್ಲಿಸಿದರೆ ನೌಕರಿ ಉಳಿಯುತ್ತಿತ್ತು. ಪರೀಕ್ಷಕರಿಗೆ ಗೊತ್ತಾಗುವ ಸಂಭವವಿರಲಿಲ್ಲ. ಮರುದಿನ ಓದುವಾಗ 'ಅಲ್ಪ' ಎಂಬ ಪದದ ಬಳಿ ನಿಂತೆ. ಅದು ಅಲ್ಪವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಅಳಿಸಿದೆ. ಆಮೇಲೆ 'ಉಂಟಾಗಿರಬಹುದು' ಉಳಿಯಿತು. ಮುಚ್ಚಿದ ಕುಣಿಯನ್ನು ಕಣ್ಣಾರೆ ನೋಡಿ ಬಂದವಳು 'ಬಹುದು' ಎಂದು ಬರೆಯಬಾರದು. 'ಉಂಟಾಗಿದೆ' ಎಂದು ತಿದ್ದಿದೆ. ಈಗ ಉಳಿದದ್ದು 'ಉತ್ತರದಾತರ ಭಾಷಾ ಬಳಕೆಯಿಂದಾಗಿ.' ಅವರು ತಮ್ಮ ಭಾಷೆಯನ್ನು ಸರಿಯಾಗಿಯೇ ಬಳಸಿದ್ದರು. ಅದನ್ನೂ ಅಳಿಸಿ 'ಪ್ರಶ್ನೆಯ ಭಾಷೆಯಿಂದಾಗಿ' ಎಂದು ಬರೆದೆ. ವಾಕ್ಯ ಪೂರ್ತಿಯಾದ ಮೇಲೆ ಅದರ ಹಿಂದಿನ ಯಾವ ಕೋಷ್ಟಕವೂ ನಿಲ್ಲುತ್ತಿರಲಿಲ್ಲ. ನಡೆದದ್ದನ್ನು ಮಂಡನೆಯಲ್ಲೇ ಹೇಳಿಬಿಡುವುದೆಂದು ಆಗಲೇ ನಿರ್ಧಾರವಾಯಿತು. ಅದರಲ್ಲಿ ಧೈರ್ಯವೇನೂ ಇರಲಿಲ್ಲ. ಆ ವಾಕ್ಯವನ್ನು ಇನ್ನೊಂದು ಬಗೆಯಲ್ಲಿ ಬರೆಯಲು ನನಗೆ ಬರಲಿಲ್ಲ, ಅಷ್ಟೇ.

ಗೈಡ್‌ಗೆ ಫೋನ್ ಮಾಡಿ ತಿಳಿಸಿದೆ. ಅವರು, "ಆಗಲಿ" ಎಂದರು.

ಮಂಡನೆ ಬಾಗಲಕೋಟೆಯಲ್ಲಿ. ಮೂವರು ಸದಸ್ಯರು, ಗೈಡ್, ಹಿಂದಿನ ಸಾಲಿನಲ್ಲಿ ಕೆಲವು ಸಂಶೋಧನಾ ವಿದ್ಯಾರ್ಥಿಗಳು. ಹಂತಗಳನ್ನು ಕ್ರಮವಾಗಿ ವಿವರಿಸುತ್ತ ಹನ್ನೊಂದನೆಯ ಪ್ರಶ್ನೆಗೆ ಬಂದಾಗ ನಡೆದದ್ದನ್ನು ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೊರಗಿನಿಂದ ಬಂದಿದ್ದ ಸದಸ್ಯರು ಕನ್ನಡಕ ತೆಗೆದಿಟ್ಟರು.

"ಹಾಗಾದರೆ ನಿಮ್ಮ ಪ್ರಬಂಧ ಹೇಳುವುದೇನು?"

"ಮಗ್ಗಗಳು ಬೆಳೆದವೋ ಇಲ್ಲವೋ ನನಗೆ ಗೊತ್ತಾಗಲಿಲ್ಲ ಎಂದು, ಸರ್."

"ನೀವು ಹೇಳದೇ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲವಲ್ಲ."

ಅವರು ಅದನ್ನು ಮೆಚ್ಚುಗೆಯಿಂದ ಹೇಳಿದರೋ ಬೇಸರದಿಂದಲೋ ಇಂದಿಗೂ ತಿಳಿದಿಲ್ಲ. ನಾನು, "ಹೌದು ಸರ್" ಎಂದೆ. ಆ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಇಷ್ಟು ಹಂತಗಳು, ಇಷ್ಟು ಸಹಿಗಳು. ಯಾವುದೂ ಇದನ್ನು ಹಿಡಿಯಲಿಲ್ಲ. ಮುಂದೆಯೂ ಹಿಡಿಯುತ್ತಿರಲಿಲ್ಲ.

ಮಂಡನೆ ಒಪ್ಪಿತವಾಗಲಿಲ್ಲ. ಗೈಡ್ ನಿವೃತ್ತರಾಗಿ ಹೋದರು. ಕೆಂಪು ಗೆರೆಯ ತಿಂಗಳು ಬಂತು, ಹೋಯಿತು. ಕಚೇರಿಯಲ್ಲಿ ವಿಚಾರಿಸಿದಾಗ, ಬೇಕಾದರೆ ಮತ್ತೆ ಪ್ರವೇಶ ಪರೀಕ್ಷೆಯಿಂದ ಶುರು ಮಾಡಬಹುದು ಎಂದರು. ನನ್ನ ವಿಷಯಕ್ಕೆ ಸದ್ಯ ಯಾವ ಗೈಡ್ ಬಳಿಯೂ ಜಾಗವಿಲ್ಲ ಎಂದೂ ಹೇಳಿದರು. ಲೇಖನವನ್ನು ಹಿಂಪಡೆಯಬೇಕೆಂದು ನಿಯತಕಾಲಿಕೆಗೆ ಬರೆದೆ. ಉತ್ತರ ಬಂದಿಲ್ಲ. ಕುಣಿಮಗ್ಗಗಳು ಬೆಳೆಯುತ್ತಿವೆ ಎಂಬುದಕ್ಕೆ ಆಧಾರವಾಗಿ ಅದನ್ನು ಯಾರೋ ತಮ್ಮ ಲೇಖನದಲ್ಲಿ ಉಲ್ಲೇಖಿಸಿದ್ದನ್ನು ಮೊನ್ನೆ ನೋಡಿದೆ. ಹುನಗುಂದದ ಕಾಲೇಜಿನಿಂದ ಈ ವರ್ಷ ಕರೆ ಬರಲಿಲ್ಲ.

ಬಾಗಿಲ ಹಿಂದಿನ ಹಾಳೆಯನ್ನು ನಾನು ಕೀಳಲಿಲ್ಲ. ಎಣ್ಣೆಯ ಕೈ ತಾಗಿ ಅದು ತಾನಾಗಿ ಮಾಸುತ್ತಿದೆ. ಅತ್ತೆ ಏನಾಯಿತೆಂದು ಒಮ್ಮೆಯೂ ಕೇಳಲಿಲ್ಲ.

ಕಲಾದಗಿಯಲ್ಲಿ ಅವರ ತಂಗಿ ಇದ್ದಾರೆ. ನಾನು ಡಾಕ್ಟರ್ ಆಗುವುದನ್ನು ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವರು, ಮನೆಯವರು ಯಾರಾದರೂ ಕೆಮ್ಮಿದರೂ "ಸೊಸಿನ್ನ ಕೇಳ, ಗುಳಿಗಿ ಕೊಡ್ತಾಳ" ಎಂದು ಕಾಡುತ್ತಿದ್ದವರು. ಹೋದ ವಾರ ಅವರ ಫೋನ್ ಬಂತು. ಅತ್ತೆ ಪಡಸಾಲೆಯಲ್ಲಿ ಕುಳಿತು ಮಾತಾಡುತ್ತಿದ್ದರು; ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಅವರ ಫೋನಿನ ದನಿ ಮನೆಗೆಲ್ಲ ಕೇಳುತ್ತದೆ.

"ಸೊಸಿ ಓದು ಎಲ್ಲಿಗಿ ಬಂತ ಯಕ್ಕಾ?"

ಅತ್ತೆ ಎಣ್ಣೆಯ ಬಗ್ಗೆ, ಬಳೆಯ ಬಗ್ಗೆ ಹೇಳುವ ಅದೇ ಮೆಲುದನಿಯಲ್ಲಿ ಹೇಳಿದರು.

"ಅದು ಹೆಚ್ಚಾತವಾ."

ಬಹಳ ಸ್ಪಷ್ಟವಾಗಿ, ಕಲಾದಗಿಯಲ್ಲಿ ಒಬ್ಬರು ಉಸಿರು ಬಿಟ್ಟದ್ದು ಕೇಳಿಸಿತು.